ಹಿನ್ನೀರಿನ ದೋಣಿಗೆ ಮರಗೆಲಸದ ಹತಾರ: ಮೂರಡಿ ಪೆಟ್ಟಿಗೆಯಲ್ಲಿ ಏನು ಇಡಲಿ, ಏನು ಬಿಡಲಿ?

ಹಿನ್ನೀರ ಬೀಳಗಿ

ಎಲ್ಲರಿಗೂ ನಮಸ್ಕಾರ. ನಾನು ಬೀಳಗಿ ತಾಲೂಕಿನವನು. ನಾನು, ನಮ್ಮ ಸೋದರಮಾವ ಸೇರಿ ಕಾರವಾರ ಕಡೆಯಿಂದ ಒಂದು ಹಳೆ ಮರದ ದೋಣಿ ಲಾರಿಯಲ್ಲಿ ತರಿಸಿದ್ದೇವೆ. 26 ಅಡಿ ಉದ್ದ, ನಡುವೆ ಸುಮಾರು 7 ಅಡಿ ಅಗಲ, ಮುಂದೆ ಇಬ್ಬರು ಮಲಗುವಷ್ಟು ಗೂಡು, ಹಿಂದೆ ಸಿಕ್ಕಿಸುವ ಪೆಟ್ರೋಲ್ ಇಂಜಿನ್ನು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ, ಚಿಕ್ಕಸಂಗಮದ ಹತ್ತಿರ, ಘಟಪ್ರಭೆ ಬಂದು ಕೃಷ್ಣೆಗೆ ಸೇರುವ ಕಡೆ ಕಟ್ಟಿ ಹಾಕಿದ್ದೇವೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ ಬರುತ್ತವಲ್ಲ, ಆಗ ಒಂದೊಂದು ಸಲ ವಾರಗಟ್ಟಲೆ ನೀರಿನ ಮೇಲೇ ಇರಬೇಕು ಅಂತ ಮಾವನ ಆಸೆ. ಅವರು ನಿವೃತ್ತರು, ಅವರಿಗೆ ಟೈಮಿದೆ. ನನಗೆ ಸಿಕ್ಕಷ್ಟು ರಜೆ.

ವಿಷಯ ಏನಂದರೆ, ಮರದ ದೋಣಿ ಅಂದಮೇಲೆ ದಿನಾ ಏನಾದರೂ ಕೆಲಸ ಇದ್ದೇ ಇರುತ್ತದೆ. ಕೂರುವ ಹಲಗೆ ಒಂದು ಕಡೆ ಕೊಳೆತಿದೆ, ಗೂಡಿನ ಬಾಗಿಲು ಮಳೆಗೆ ಉಬ್ಬಿ ಕೂರುವುದಿಲ್ಲ, ಒಳಗೆ ಒಂದು ಪಾತ್ರೆ ಇಡುವ ಗೂಟವೂ ಇಲ್ಲ, ಹುಟ್ಟಿನ ಹಿಡಿ ಸಿಬಿರೆದ್ದಿದೆ. ಮನೆಯಲ್ಲಿ ನನ್ನ ಹತ್ತಿರ ಸರ್ಕ್ಯುಲರ್ ಸಾ, ಗ್ರೈಂಡರ್, ಜಿಗ್ ಸಾ, ದೊಡ್ಡ ಡ್ರಿಲ್ಲು ಎಲ್ಲಾ ಇದೆ, ಒಂದೆರಡು ಮಂಚ ಕಪಾಟು ಮಾಡಿದ್ದೇನೆ. ಆದರೆ ದೋಣಿಯಲ್ಲಿ ಹತಾರಕ್ಕೆ ಅಂತ ಸಿಗುವುದು ಮಲಗುವ ಹಲಗೆ ಕೆಳಗಿನ ಒಂದು ಜಾಗ ಮಾತ್ರ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 9 ಇಂಚು ಆಳ. ಅಷ್ಟರಲ್ಲೇ ಅಂಟು, ಸ್ಕ್ರೂ ಕೂಡ ಬರಬೇಕು. ಕರೆಂಟು ಅಂದರೆ 100 ಆಂಪಿಯರ್ ಅವರ್‌ನ ಒಂದು 12 ವೋಲ್ಟ್ ಬ್ಯಾಟರಿ, ಮೇಲೆ ಒಂದು ಸೋಲಾರ್ ಪ್ಯಾನೆಲ್ಲು. ಲೈಟು, ಫೋನು, ನೀರು ಹೊರ ಹಾಕುವ ಪಂಪು ಅದರಲ್ಲೇ ನಡೆಯಬೇಕು.

ಬಜೆಟ್ಟು 12ರಿಂದ 15 ಸಾವಿರ. ಯಾವುದು ಕಡ್ಡಾಯ, ಯಾವುದು ಸುಮ್ನೆ ಭಾರ? ದೋಣಿ ಮೇಲೆ ಕೆಲಸ ಮಾಡಿ ಗೊತ್ತಿರುವವರು ಹೇಳಿದರೆ ಉಪಕಾರ.

ಬೆಳಗಾವಿ ಬಡಿಗೇರ

ತಮ್ಮಾ, ಮೊದಲು ಒಂದು ಮಾತು. ನೀವು ಹತಾರದ ಪಟ್ಟಿ ಕೇಳುತ್ತಿದ್ದೀರಿ, ಆದರೆ ದೋಣಿಯಲ್ಲಿ ನಿಜವಾದ ತೊಂದರೆ ಹತಾರದ್ದಲ್ಲ, ಮರ ಹಿಡಿಯುವುದರದ್ದು. ಅಂಗಡಿಯಲ್ಲಿ ಭಾರದ ಮೇಜು ಇರುತ್ತದೆ, ಮರ ಕಚ್ಚಿ ಹಿಡಿಯುವ ಶಿಕಂಜಾ ಇರುತ್ತದೆ, ನೆಲ ಅಲ್ಲಾಡುವುದಿಲ್ಲ. ಅಲ್ಲಿ ನೀವೂ ಅಲ್ಲಾಡುತ್ತೀರಿ, ಹಲಗೆಯೂ ಅಲ್ಲಾಡುತ್ತದೆ. ಅಲ್ಲಾಡುವ ಮರದ ಮೇಲೆ ಎಷ್ಟು ಒಳ್ಳೆ ಉಳಿ ಇಟ್ಟರೂ ಮೊದಲು ಹೋಗುವುದು ಬೆರಳು. ಅದಕ್ಕೇ ನಿಮ್ಮ ದುಡ್ಡಿನಲ್ಲಿ ಮೊದಲ ಪಾಲು ಕ್ಲ್ಯಾಂಪಿಗೆ ಹೋಗಲಿ. 6 ಇಂಚಿನವು ಎರಡು, 12 ಇಂಚಿನವು ಎರಡು, ಎಫ್ ಆಕಾರದ್ದು, ಹಿಡಿ ತಿರುಗಿಸಿ ಬಿಗಿ ಮಾಡುವಂಥದ್ದು. ಒತ್ತಿ ಒತ್ತಿ ಬಿಗಿ ಮಾಡುವ ಪ್ಲಾಸ್ಟಿಕ್ ಕ್ಲ್ಯಾಂಪು ಬೇಡ, ಅದರ ಹಿಡಿತ ಸಾಲುವುದಿಲ್ಲ.

ದೋಣಿಯ ಅಡ್ಡಹಲಗೆಯೇ ನಿಮ್ಮ ಮೇಜು. 10 ಇಂಚು ಅಗಲ, ಎರಡೂವರೆ ಅಡಿ ಉದ್ದದ ಒಂದು ದಪ್ಪ ಪ್ಲೈವುಡ್ ತುಂಡು ಇಟ್ಟುಕೊಳ್ಳಿ. ಅದರ ಒಂದು ತುದಿಗೆ ಮೇಲೆ ಒಂದು ಪಟ್ಟಿ, ಇನ್ನೊಂದು ತುದಿಗೆ ಕೆಳಗೆ ಒಂದು ಪಟ್ಟಿ ಹೊಡೆಯಿರಿ. ಕೆಳಗಿನ ಪಟ್ಟಿ ಅಡ್ಡಹಲಗೆಯ ಅಂಚಿಗೆ ತಗಲಿ ನಿಲ್ಲುತ್ತದೆ, ಮೇಲಿನದ್ದಕ್ಕೆ ನೀವು ಕೊಯ್ಯುವ ಮರ ಆನಿಕೊಳ್ಳುತ್ತದೆ. ಎರಡು ಕ್ಲ್ಯಾಂಪು ಹಾಕಿದರೆ ಮುಗೀತು. ಕೆಲಸ ಆದಮೇಲೆ ಅದೇ ತುಂಡು ನಿಮ್ಮ ಪೆಟ್ಟಿಗೆಯ ಮುಚ್ಚಳ ಆಗುತ್ತದೆ, ಬೇರೆ ಜಾಗ ತಿನ್ನುವುದಿಲ್ಲ.

ಇನ್ನು ಗರಗಸ. ನಮ್ಮ ಊರಿನ ಗರಗಸ ಮುಂದಕ್ಕೆ ದೂಡಿದಾಗ ಕೊಯ್ಯುತ್ತದೆ, ದೂಡಬೇಕು ಅಂದರೆ ಹಿಂದೆ ಕಾಲು ಗಟ್ಟಿಯಾಗಿ ಊರಬೇಕು. ಕುಳಿತುಕೊಂಡು, ಮಂಡಿಯಲ್ಲಿ ಹಲಗೆ ಒತ್ತಿ ಹಿಡಿದು ಕೆಲಸ ಮಾಡುವಾಗ ಎಳೆದು ಕೊಯ್ಯುವ ಜಪಾನ್ ಮಾದರಿ ಗರಗಸ ಸಲೀಸು. ಒಂದು ಅಂಚು ಎಳೆಯುದ್ದ ಕೊಯ್ಯಲಿಕ್ಕೆ, ಇನ್ನೊಂದು ಅಂಚು ಅಡ್ಡ ಕೊಯ್ಯಲಿಕ್ಕೆ, ಅಂದರೆ ಒಂದರಲ್ಲಿ ಎರಡು. 240 ಮಿಲಿಮೀಟರ್ ಅಲಗು ಸಾಕು. ಹಿಡಿಯಿಂದ ಅಲಗು ಬಿಚ್ಚಿ ಚಪ್ಪಟೆಯಾಗಿ ಇಡಬಹುದು. ಆದರೆ ಅದರ ಹಲ್ಲು ಬಹಳ ಗಡಸು, ನಮ್ಮ ಮುಮ್ಮೂಲೆ ಅರದಿಂದ ಮಸೆಯಲು ಆಗುವುದಿಲ್ಲ, ಹಳೆ ಮೊಳೆಗೆ ಒಮ್ಮೆ ತಾಗಿದರೆ ಹಲ್ಲು ಉದುರಿತು ಅಂತಲೇ ಲೆಕ್ಕ. ಹಳೆ ದೋಣಿಯಲ್ಲಿ ಮೊಳೆ ಎಲ್ಲೆಲ್ಲಿ ಅಡಗಿದೆಯೋ ದೇವರಿಗೇ ಗೊತ್ತು. ಹಾಗಾಗಿ ಅನುಮಾನ ಇದ್ದ ಕಡೆ ಹ್ಯಾಕ್ಸಾ ಬ್ಲೇಡು, ಹೊಸ ಮರಕ್ಕೆ ಮಾತ್ರ ಈ ಗರಗಸ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದರೆ ಫ್ರೇಮು ಹೋಗದ ಸಂದಿಗೂ ಹೋಗುತ್ತದೆ.

ಉಳಿ ಮೂರು: 6, 12, 25 ಮಿಲಿಮೀಟರ್. ಆರರ ಸೆಟ್ಟು ಬೇಡವೇ ಬೇಡ, ಉಳಿದ ಮೂರು ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತವೆ. ಸಣ್ಣ ರಂದಾ ಒಂದು, ಒಂದೇ ಕೈಯಲ್ಲಿ ಹಿಡಿಯುವಂಥ ಬ್ಲಾಕ್ ಪ್ಲೇನ್, ಆರು ಇಂಚಿನದ್ದು. ಬಾಗಿಲು ಉಬ್ಬಿದೆ ಅಂದಿರಲ್ಲ, ಅದಕ್ಕೆ ಇದೇ ಬೇಕು. ಆದರೆ ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಪೂರ್ತಿ ಕೂರುವ ತನಕ ಹೆರೆಯಬೇಡಿ. ಮಾರ್ಚಿನಲ್ಲಿ ಒಣಗಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಜೋರಾಗಿ ತಳ್ಳಿದರೆ ಮುಚ್ಚುವಷ್ಟಕ್ಕೆ ನಿಲ್ಲಿಸಿ.

ಕೊಡತಿ ಕೊಳ್ಳಬೇಡಿ. ಜಾಲಿ ಮರದ ತುಂಡು ನಿಮ್ಮ ಹೊಲದ ಬದುವಿನಲ್ಲೇ ಇರುತ್ತದೆ, ನೀವೇ ಮಾಡಿಕೊಳ್ಳಿ. ಬಂಡಿ ಗಾಲಿಗೆ ಹಾಕುವ ಮರ ಅದು, ಉಳಿ ಹೊಡೆತಕ್ಕೆಲ್ಲ ಜಗ್ಗುವುದಿಲ್ಲ. ಉಳಿದದ್ದು ನೀವು ಉತ್ತರ ಕೊಟ್ಟಮೇಲೆ ಬರೆಯುತ್ತೇನೆ. ದೋಣಿಯ ಮರ ಯಾವುದು?

ಹಿನ್ನೀರ ಬೀಳಗಿ

ಕಾಕಾ, ಬಹಳ ಉಪಕಾರ. ಪ್ಲೈವುಡ್ ತುಂಡೇ ಮುಚ್ಚಳ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಮರ ಸಾಗವಾನಿ ಅಲ್ಲ, ಹಲಸು ಇರಬೇಕು ಅಂತ ಮಾವ ಹೇಳುತ್ತಾರೆ, ಕೆಲವು ಕಡೆ ಆಮೇಲೆ ಹಾಕಿದ ಬೇರೆ ಮರವೂ ಇದೆ. ಕೂರುವ ಹಲಗೆಗೆ ಮಾತ್ರ ಸಾಗವಾನಿ ತುಂಡು ತೆಗೆದಿಟ್ಟಿದ್ದೇನೆ.

ಮೂಲೆಮಟ್ಟ, ಟೇಪು, ರಸಮಟ್ಟ ಎಲ್ಲಾ ಮನೆಯದ್ದೇ ತಂದರೆ ಸಾಕಲ್ವಾ?

ಡೆಕ್ ಮಾಮಾ, ವಿಜಯಪುರ

ರಸಮಟ್ಟ ಮನೆಯಲ್ಲೇ ಬಿಡ್ರೀ. ನೀರಿನ ಮೇಲೆ ಗುಳ್ಳೆ ನೋಡುತ್ತಾ ಕೂತರೆ ರಾಜಹಂಸ ಬಂದು ಹೋದದ್ದೂ ಗೊತ್ತಾಗುವುದಿಲ್ಲ.

ನಾನು ಸರಕು ಹಡಗಿನಲ್ಲಿ ಡೆಕ್ ಕೆಲಸದಲ್ಲಿ ಬಹಳ ವರ್ಷ ಇದ್ದವನು, ಈಗ ವಿಜಯಪುರದಲ್ಲಿ ಮನೆ. ದೊಡ್ಡ ಹಡಗಿನಲ್ಲಿ ವರ್ಕ್‌ಶಾಪೇ ಇರುತ್ತದೆ, ಅದು ಬೇರೆ ಕಥೆ. ಆದರೆ ಸಣ್ಣ ಬೋಟುಗಳಲ್ಲೂ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದು ಹೇಳುತ್ತೇನೆ.

ದೋಣಿಯಲ್ಲಿ 90 ಡಿಗ್ರಿ ಅನ್ನುವುದೇ ಇರುವುದಿಲ್ಲ. ಬದಿ ಹೊರಗೆ ಬಾಗಿರುತ್ತದೆ, ಮುಂದೆ ಹೋದ ಹಾಗೆ ಒಳಗೆ ತಿರುಗುತ್ತದೆ, ತಳವೂ ಸಪಾಟು ಇಲ್ಲ. ಮೂಲೆಮಟ್ಟ ಹಲಗೆ ಅಡ್ಡ ಗೆರೆ ಎಳೆಯಲು ಬೇಕು, ಸಣ್ಣದು ಇರಲಿ. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಕೋನ ಬದಲಾಯಿಸಿ ಬಿಗಿ ಮಾಡುವ ಬೆವೆಲ್, ಮತ್ತು ಶಾಲೆ ಹುಡುಗರ ಕಂಪಾಸ್ ಪೆಟ್ಟಿಗೆಯ ಕೈವಾರ. ನಗಬೇಡಿ, ಹೇಗೆ ಅಂತ ಹೇಳುತ್ತೇನೆ.

ಪಾತ್ರೆ ಇಡಲು ಒಂದು ಹಲಗೆ ಕೂರಿಸಬೇಕು ಅಂದುಕೊಳ್ಳಿ. ಸೀದಾ ಪ್ಲೈವುಡ್ ಕೊಯ್ಯಬೇಡಿ. ರಟ್ಟಿನ ತುಂಡು ತೆಗೆದುಕೊಂಡು ಹಲಗೆ ಬರುವ ಎತ್ತರದಲ್ಲೇ ಬದಿಗೆ ಆದಷ್ಟು ಹತ್ತಿರ ಹಿಡಿಯಿರಿ, ಅದು ಅಲ್ಲಾಡದ ಹಾಗೆ ಟೇಪು ಅಂಟಿಸಿ. ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಎರಡು ಇಂಚು ಸಂದಿ ಬಿಡುತ್ತದೆ. ಕೈವಾರವನ್ನು ಆ ದೊಡ್ಡ ಸಂದಿಗಿಂತ ಒಂದು ನೂಲು ಜಾಸ್ತಿ ಅಗಲಿಸಿ, ಮುಳ್ಳಿನ ಕಾಲು ದೋಣಿಯ ಬದಿಗೆ ಒರಗಿಸಿ, ಪೆನ್ಸಿಲ್ ಕಾಲು ರಟ್ಟಿನ ಮೇಲೆ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆಯಿರಿ. ಎರಡೂ ಕಾಲು ಒಂದೇ ದಿಕ್ಕಿನಲ್ಲಿರಬೇಕು, ಬದಿ ತಿರುಗಿತು ಅಂತ ಕೈವಾರ ತಿರುಗಿಸಬಾರದು, ಅಲ್ಲೇ ಎಲ್ಲರೂ ಕೆಡಿಸುವುದು. ದೋಣಿಯ ಡೊಂಕು ಹೇಗಿದೆಯೋ ಹಾಗೇ ರಟ್ಟಿನ ಮೇಲೆ ಬರುತ್ತದೆ. ಅದನ್ನು ಕತ್ತರಿಸಿ ಇಟ್ಟು ನೋಡಿ, ಸರಿ ಅನಿಸಿದರೆ ಪ್ಲೈವುಡ್ ಮೇಲೆ ಗುರುತು ಹಾಕಿ. ಆಮೇಲೆ ಬದಿಯ ಓರೆ ಎಷ್ಟು ಅಂತ ಬೆವೆಲ್‌ನಲ್ಲಿ ಹಿಡಿದು, ಗೆರೆಯ ಹೊರಗೆ ಕೊಯ್ದು, ಬಡಿಗೇರ ಅವರು ಹೇಳಿದ ಸಣ್ಣ ರಂದಾದಿಂದ ಗೆರೆ ತನಕ ತನ್ನಿ. ಇಷ್ಟಕ್ಕೆ ಬೇಕಾದ ಹತಾರ ಎಲ್ಲಾ ಸೇರಿ ಒಂದು ಊಟದ ಡಬ್ಬಿಯಷ್ಟು ಜಾಗ.

ಇನ್ನೊಂದು, ಹತಾರದ ಪೆಟ್ಟಿಗೆ ಅಂದಮೇಲೆ ಮೊದಲು ಅದರಲ್ಲಿ ನೀರು ನುಗ್ಗಿದಾಗಿನ ಸಾಮಾನು ಇರಬೇಕು, ಕಪಾಟು ಮಾಡುವುದು ಆಮೇಲೆ. ಒಂದಡಿ ಚೌಕದ ಎರಡು ಪ್ಲೈವುಡ್ ತುಂಡು, ಹಳೆ ಲಾರಿ ಅಥವಾ ಸೈಕಲ್ ಟ್ಯೂಬ್ ಕೊಯ್ದ ರಬ್ಬರು, ಒಂದು ಮುಷ್ಟಿ ಸ್ಟೀಲ್ ಸ್ಕ್ರೂ, ಮೆತ್ತನೆ ಮರದ ನಾಲ್ಕೈದು ಬಿರಡೆ ಬೇರೆ ಬೇರೆ ದಪ್ಪದ್ದು. ಹಲಗೆ ಒಡೆದರೆ ಒಳಗಿಂದ ರಬ್ಬರಿಟ್ಟು, ಮೇಲೆ ಪ್ಲೈವುಡ್ ಇಟ್ಟು, ಸ್ಕ್ರೂ ಬಿಗಿದು ದಂಡೆಗೆ ಹೊರಡುವುದು. ಇದಕ್ಕೆ ಕೈಯಿಂದ ತಿರುಗಿಸುವ ಒಳ್ಳೆ ಸ್ಕ್ರೂಡ್ರೈವರ್ ಬೇಕು, ಬ್ಯಾಟರಿ ನಂಬಿ ಕೂರಬಾರದು. ಮತ್ತೆ ಅವು ಪೆಟ್ಟಿಗೆಯ ತಳದಲ್ಲಿ ಅಲ್ಲ, ಎಲ್ಲಕ್ಕಿಂತ ಮೇಲೆ.

ಪೆಟ್ಟಿಗೆಯ ಒಟ್ಟು ಭಾರ 20 ಕೆಜಿ ದಾಟಿದರೆ ಇಬ್ಬರಿಗೂ ಎತ್ತಲು ಕಷ್ಟ, ಒಂದರ ಬದಲು ಎರಡು ಪೆಟ್ಟಿಗೆ ಮಾಡಿ. ಭಾರದ್ದು ಕೆಳಗೆ, ದೋಣಿಯ ನಡುವಿಗೆ ಹತ್ತಿರ. ಹಗ್ಗದಿಂದ ಬಿಗಿಯಿರಿ. ಹಿನ್ನೀರು ಅಂದರೆ ಕೆರೆ ಇದ್ದ ಹಾಗೆ ಅಂತ ಜನ ತಿಳಿದಿರುತ್ತಾರೆ. ಜಲಾಶಯ ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನಕ ತುಂಬಿದಾಗ ಆ ಬಯಲಿನಲ್ಲಿ ಗಾಳಿಗೆ ಅಡ್ಡ ಅಂತ ಏನೂ ಇರುವುದಿಲ್ಲ, ಅಲೆ ಎದ್ದರೆ ಬಿಗಿಯದ ಪೆಟ್ಟಿಗೆ ಒಳಗಿಂದಲೇ ಹಲಗೆ ಗುದ್ದುತ್ತದೆ.

ಮುಂದೆ ಯಾವತ್ತಾದರೂ ಕಾರವಾರದಲ್ಲಿ ಸಮುದ್ರಕ್ಕೆ ಇಳಿಸುವ ಯೋಚನೆ ಇದ್ದರೆ ಕಬ್ಬಿಣದ ಪೆಟ್ಟಿಗೆಯನ್ನು ದಿಕ್ಸೂಚಿಯಿಂದ ದೂರ ಇಡಿ, ಮುಳ್ಳು ತಿರುಗಿಬಿಡುತ್ತದೆ. ಕೃಷ್ಣೆಯಲ್ಲಿ ಆ ಚಿಂತೆ ಇಲ್ಲ.

ಜಮಖಂಡಿ ಜವಾರಿ

ಇಷ್ಟೆಲ್ಲಾ ಯಾಕೆ? ದಂಡೆಗೆ ಬರ್ರಿ, ಊರಲ್ಲಿ ಬಡಿಗೇರ ಮನೆ ಇದೆ, ಚಹಾ ಕುಡಿಯೋದರೊಳಗೆ ಮಾಡಿ ಕೊಡ್ತಾರೆ. 😀

ಬೆಳಗಾವಿ ಬಡಿಗೇರ

ಚಹಾ ಕುಡಿಯೋದರೊಳಗೆ ಅಂತ ಹೇಳಿ ನಾಳೆ ಬಾ ಅನ್ನುವವರೇ ನಾವು, ಅವರಿಗೆ ಹೇಳಿಕೊಡಬೇಡಿ.

ಡೆಕ್ ಮಾಮಾ ಹೇಳಿದ ಕೈವಾರದ ಕೆಲಸ ನೂರಕ್ಕೆ ನೂರು ಸರಿ, ನಾವು ಕಲ್ಲಿನ ಗೋಡೆಗೆ ಚೌಕಟ್ಟು ಕೂರಿಸುವಾಗಲೂ ಹಾಗೇ ಮಾಡುವುದು.

ಸಾಗವಾನಿ ಬಗ್ಗೆ. ಸಾಗವಾನಿಯಲ್ಲಿ ಮರಳಿನಂಥ ಅಂಶ ಇರುತ್ತದೆ, ಉಳಿ, ರಂದಾ ಬೇಗ ಮೊಂಡಾಗುತ್ತವೆ. ಹಾಗಾಗಿ ಸಾಣೆ ಬೇಕೇ ಬೇಕು. ಅಂಗಡಿಯಲ್ಲಿರುವ ದಪ್ಪ ಸಾಣೆಕಲ್ಲು ಒಯ್ಯಬೇಡಿ, ಭಾರ, ಬಿದ್ದರೆ ಎರಡು ತುಂಡು. ಎರಡು ಬದಿಯ ಡೈಮಂಡ್ ಪ್ಲೇಟು ಬರುತ್ತದೆ, ಒಂದು ಕಡೆ 400 ಗ್ರಿಟ್, ಇನ್ನೊಂದು ಕಡೆ 1000, ಅಂಕೆ ದೊಡ್ಡದಾದಷ್ಟು ನುಣುಪು. ತೆಳ್ಳಗೆ, ನೀರಲ್ಲಿ ನೆನೆಸುವ ಕೆಲಸ ಇಲ್ಲ, ತಗ್ಗು ಬೀಳುವುದಿಲ್ಲ. ಒಂದು ಮರದ ಚೂರಿಗೆ ತೊಗಲು ಅಂಟಿಸಿಕೊಂಡು ಕೊನೆಗೆ ನಾಲ್ಕು ಸಲ ಎಳೆದರೆ ಕೈ ಮೇಲಿನ ಕೂದಲು ಬರುತ್ತದೆ. ಅಲಗಿನ ಓರೆ 25 ಡಿಗ್ರಿ, ತುದಿಗೆ ಮಾತ್ರ 30. ಸಾಗವಾನಿ, ಜಾಲಿ ಅಂದರೆ 30ಕ್ಕಿಂತ ಕಡಿಮೆ ಮಾಡಬೇಡಿ, ಅಲಗಿನ ತುದಿ ಚೂರೇಳುತ್ತದೆ.

ಸಾಗವಾನಿಗೆ ಅಂಟು ಹಚ್ಚುವ ಮುಂಚೆ ಥಿನ್ನರ್‌ನಲ್ಲಿ ಒರೆಸಿ. ಅದರ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಮತ್ತೆ ಮನೆಯಲ್ಲಿ ಬಳಸುವ ಮಾಮೂಲಿ ಬಿಳಿ ಅಂಟು ದೋಣಿಗೆ ಬೇಡ. ಗೂಡಿನ ಒಳಗೆ, ಕಪಾಟಿಗೆ ಫೆವಿಕಾಲ್ ಮರೈನ್ ನಡೆಯುತ್ತದೆ, ನೀರಿಗೆ ಮುಳುಗುವ ಕಡೆ ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟೇ ಆಗಬೇಕು. ಎಪಾಕ್ಸಿ ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಯಲ್ಲಿ ಹರಡಿ. ನಮ್ಮ ಬಿಸಿಲಿಗೆ ಲೋಟದಲ್ಲಿ ತುಂಬಿಟ್ಟರೆ ಅದು ತಾನೇ ಕಾದು ಹೊಗೆಯಾಡಿ ಕಲ್ಲಾಗುತ್ತದೆ. ಪ್ಲೈವುಡ್ ಕೊಳ್ಳುವಾಗ ಐ.ಎಸ್. 710 ಅಂತ ಮುದ್ರೆ ನೋಡಿ, ಅದೇ ಮರೈನ್ ದರ್ಜೆ. 303 ಅಂದರೆ ಮಾಮೂಲಿ ಮನೆ ಕೆಲಸದ್ದು.

ಡ್ರಿಲ್ಲು? ನನ್ನ ಕೇಳಿದರೆ ಕೈಯಿಂದ ತಿರುಗಿಸುವ ಬೈರಿಗೆ ಸಾಕು. ಚಾರ್ಜು ಬೇಡ, ನೀರಿಗೆ ಬಿದ್ದರೆ ಎತ್ತಿ ಒರೆಸಿದರೆ ಮತ್ತೆ ತಿರುಗುತ್ತದೆ.

ಸೋಲಾರ್ ಅಕ್ಕ, ಬಾಗಲಕೋಟೆ

ಬಡಿಗೇರ ಅಣ್ಣಾವ್ರ ಎಲ್ಲಾ ಮಾತೂ ಒಪ್ಪಿದೆ, ಡ್ರಿಲ್ ಮಾತು ಮಾತ್ರ ಒಪ್ಪಲಿಲ್ಲ. ನವನಗರದಲ್ಲಿ ನಮ್ಮದು ಸೋಲಾರ್ ಮತ್ತು ಬ್ಯಾಟರಿ ಕೆಲಸ, ಹಾಗಾಗಿ ಲೆಕ್ಕ ಹಾಕಿ ಹೇಳುತ್ತೇನೆ.

100 ಆಂಪಿಯರ್ ಅವರ್, 12 ವೋಲ್ಟ್ ಅಂದರೆ 1,200 ವ್ಯಾಟ್ ಅವರ್. ಸೀಸದ ಬ್ಯಾಟರಿ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ನಿಮ್ಮ ಕೈಗೆ ಬರುವುದು 600. 12 ವೋಲ್ಟ್ ಅಂತ ಮಾರುವ ಸಣ್ಣ ಕಾರ್ಡ್‌ಲೆಸ್ ಡ್ರಿಲ್ಲಿನ 2 ಆಂಪಿಯರ್ ಅವರ್ ಬ್ಯಾಟರಿ ಹಿಡಿಸುವುದು ಸುಮಾರು 22 ವ್ಯಾಟ್ ಅವರ್. ಚಾರ್ಜರ್, ಇನ್ವರ್ಟರ್ ಎಲ್ಲಾ ತಿಂದರೂ 30 ದಾಟುವುದಿಲ್ಲ. 100 ವ್ಯಾಟ್ ಪ್ಯಾನೆಲ್ ಇದ್ದರೆ ಒಳ್ಳೆ ಬಿಸಿಲಲ್ಲಿ ಅರ್ಧ ಗಂಟೆಯ ಕೆಲಸ. ಒಂದು ಕೆಜಿ ಆಸುಪಾಸಿನ ಹತಾರ, ಜಾಗವೂ ಕಡಿಮೆ, ಸ್ಕ್ರೂ ಬಿಗಿಯುವುದು, ತೂತು ಹೊಡೆಯುವುದು ಎರಡೂ ಅದರಲ್ಲೇ. ಗೂಡಿನ ಮೂಲೆಯಲ್ಲಿ ಮಲಗಿಕೊಂಡು ತೂತು ಹೊಡೆಯುವಾಗ ಬೈರಿಗೆ ತಿರುಗಿಸಲು ಎರಡು ಕೈ ಎಲ್ಲಿಂದ ತರುವುದು? 18 ವೋಲ್ಟಿನ ದೊಡ್ಡದು ಬೇಡ. ಅದರ 5 ಆಂಪಿಯರ್ ಅವರ್ ಬ್ಯಾಟರಿ 90 ವ್ಯಾಟ್ ಅವರ್, ಭಾರವೂ ಜಾಸ್ತಿ.

ಆದರೆ ಸರ್ಕ್ಯುಲರ್ ಸಾ, ಗ್ರೈಂಡರ್ ಇನ್ವರ್ಟರ್ ಮೇಲೆ ಓಡಿಸುವ ಯೋಚನೆ ಇದ್ದರೆ ಬಿಡಿ. 1,200 ವ್ಯಾಟಿನ ಗರಗಸ ಅಂದರೆ 12 ವೋಲ್ಟ್ ಬ್ಯಾಟರಿಯಿಂದ 100 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ನಿಮ್ಮ ವೈರು ಕಾದು ಮೆತ್ತಗಾಗುತ್ತದೆ. ಹಾಗೆ ಕಾದ ವೈರು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದವರನ್ನು ನೋಡಿದ್ದೇನೆ.

ಡ್ರಿಲ್ಲಿನ ಬಿಟ್ ಎಲ್ಲಾ ಕಾಲಿಂಚು ಆರು ಮೂಲೆ ಕಾಂಡದ್ದು ತಗೊಳ್ಳಿ. ಅದೇ ಬಿಟ್ ಡ್ರಿಲ್ಲಿಗೂ ಹೋಗುತ್ತದೆ, ಬಿಟ್ ಬದಲಾಯಿಸುವ ಕೈ ಸ್ಕ್ರೂಡ್ರೈವರಿಗೂ ಹೋಗುತ್ತದೆ. 3, 4, 5, 6, 8 ಮಿಲಿಮೀಟರ್, ಜೊತೆಗೆ ಸ್ಕ್ರೂ ತಲೆ ಕೂರುವಷ್ಟು ಗುಂಡಿ ತೋಡುವ ಬಿಟ್ ಒಂದು. ಅಷ್ಟೇ.

ಒಂದು ವಿಷಯ ಮಾತ್ರ ಜೋಪಾನ. ಇಂಜಿನ್ನು ಪೆಟ್ರೋಲ್ ಅಂದಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಮಾಮೂಲಿ ಡ್ರಿಲ್ಲಿನ ಒಳಗೆ ಕಾರ್ಬನ್ ಬ್ರಷ್ ಇರುತ್ತದೆ, ಸ್ವಿಚ್ ಒತ್ತಿದಾಗ ಅಲ್ಲಿ ಕಿಡಿ ಕಾಣುತ್ತದಲ್ಲ, ಅಷ್ಟು ಸಾಕು. ಟ್ಯಾಂಕ್ ಹತ್ತಿರ, ತುಂಬಿಸಿದ ತಕ್ಷಣ, ತಳದಲ್ಲಿ ವಾಸನೆ ಇರುವಾಗ ಡ್ರಿಲ್ ಬೇಡ. ಹಾಗೇ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಆ ಪೆಟ್ಟಿಗೆ ಮುಚ್ಚಿಟ್ಟು ಪಕ್ಕದಲ್ಲೇ ಕೆಲಸ ಮಾಡಬೇಡಿ. ಇಂಥ ಕಡೆ ಬಡಿಗೇರ ಅಣ್ಣಾವ್ರ ಬೈರಿಗೆಯೇ ಸರಿ, ಅದಕ್ಕಾದರೂ ಒಂದು ಸಣ್ಣದು ಇರಲಿ.

ಡ್ರಿಲ್ಲಿನ ಲಿಥಿಯಂ ಬ್ಯಾಟರಿಯನ್ನು ಮೇ ತಿಂಗಳಲ್ಲಿ ಗೂಡಿನ ಒಳಗೆ ಬಿಟ್ಟು ಮನೆಗೆ ಹೋಗಬೇಡಿ. ಹೊರಗೇ 40 ದಾಟಿರುತ್ತದೆ, ಮುಚ್ಚಿದ ಗೂಡಿನಲ್ಲಿ ಇನ್ನೂ ಜಾಸ್ತಿ. ಬಿಸಿಯಾಗಿರುವಾಗ ಚಾರ್ಜಿಗೂ ಹಾಕಬೇಡಿ.

ಬೆಳಗಾವಿ ಬಡಿಗೇರ

ಸರಿ ಅಕ್ಕಾ, ಸಣ್ಣ ಡ್ರಿಲ್ಲು ಇರಲಿ. ಮಲಗಿಕೊಂಡು ಬೈರಿಗೆ ತಿರುಗಿಸುವುದು ನನಗೂ ಆಗುವುದಿಲ್ಲ, ಈ ಹೊಟ್ಟೆಯಲ್ಲಂತೂ.

ಆದರೆ ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಮಾತ್ರ ಬೇಡ ಅಂತಲೇ ಹೇಳುತ್ತೇನೆ. ಅದು ಕರೆಂಟಿನ ಮಾತಲ್ಲ, ಹೊಟ್ಟಿನ ಮಾತು.

ಡೆಕ್ ಮಾಮಾ, ವಿಜಯಪುರ

ಹೊಟ್ಟಿನ ಮಾತು ನಾನೇ ಬರೆಯಬೇಕು ಅಂತಿದ್ದೆ. ಮರದ ಹುಡಿ ಸಂದಿಯಲ್ಲಿ ಇಳಿದು ದೋಣಿಯ ತಳದ ನೀರಿಗೆ ಸೇರುತ್ತದೆ, ಅಲ್ಲಿ ನೆನೆದು ಗಂಜಿಯಾಗುತ್ತದೆ, ಆಮೇಲೆ ಪಂಪಿನ ಜಾಲರಿಗೆ ಅಂಟಿ ಕೂರುತ್ತದೆ. ಪಂಪು ತಿರುಗುವ ಸದ್ದು ಕೇಳುತ್ತದೆ, ನೀರು ಮಾತ್ರ ಹೊರಗೆ ಹೋಗುವುದಿಲ್ಲ. ರಾತ್ರಿ ಮಲಗಿರುವಾಗ ಹೀಗಾದರೆ ಚಾಪೆ ಒದ್ದೆಯಾದಮೇಲೇ ಎಚ್ಚರ. ಕೊಯ್ಯುವಾಗ ಕೆಳಗೆ ತಾಡಪತ್ರಿ ಹಾಸಿ, ಕೆಲಸ ಮುಗಿದಮೇಲೆ ನಾಲ್ಕು ಮೂಲೆ ಎತ್ತಿ ಚೀಲಕ್ಕೆ ಸುರಿಯಿರಿ, ಚಹಾ ಕಾಸಲು ಒಲೆಗೆ ಆಗುತ್ತದೆ. ರಂದಾದ ಸುರುಳಿ ಕೈಯಲ್ಲೇ ಬಾಚಿ ತೆಗೆಯಬಹುದು, ಸ್ಯಾಂಡರ್ ಹುಡಿ ಬಾಚಲು ಬರುವುದಿಲ್ಲ. ದೋಣಿಯಲ್ಲಿ ಉಳಿ, ರಂದಾ ಹೆಚ್ಚು ಅನ್ನುವುದಕ್ಕೆ ನನಗೆ ದೊಡ್ಡ ಕಾರಣ ಇದೇ. ಹಳೆಯದರ ಮೇಲೆ ವ್ಯಾಮೋಹ ಏನಿಲ್ಲ.

ಹತಾರಕ್ಕೆಲ್ಲಾ ದಾರ ಕಟ್ಟಿ. ಮರದ ಹಿಡಿ ಇದೆ, ತೇಲುತ್ತದೆ ಅಂತ ಉಳಿಯನ್ನು ನಂಬಬೇಡಿ, ಉಕ್ಕಿನ ಭಾರ ಸೀದಾ ಕೆಳಗೆ ಎಳೆಯುತ್ತದೆ. ಆ ಕಪ್ಪು ಕೆಸರಿನಲ್ಲಿ ಹೋದದ್ದು ಹೋಯಿತು. ಹಗ್ಗಕ್ಕೆ ಕಟ್ಟಿದ ಒಂದು ಜೋರಾದ ಆಯಸ್ಕಾಂತ ಇಟ್ಟುಕೊಂಡರೆ ದಂಡೆ ಹತ್ತಿರ ಬಿದ್ದದ್ದು ಕೆಲವು ಸಲ ಸಿಗುತ್ತದೆ. ಆದರೆ ಸ್ಟೇನ್‌ಲೆಸ್‌ನ 304, 316 ದರ್ಜೆಯ ಸ್ಕ್ರೂ, ಬೋಲ್ಟು ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ, ಹಿತ್ತಾಳೆಯಂತೂ ಅಂಟುವುದೇ ಇಲ್ಲ.

ಸ್ಕ್ರೂ ಬಗ್ಗೆ ಬಂತಲ್ಲ, ಸಿಹಿನೀರಿಗೆ 304 ಸಾಕು, ಸಮುದ್ರಕ್ಕಾದರೆ 316. ಹಿತ್ತಾಳೆ ಸ್ಕ್ರೂ ಹಾಕುವ ಕಡೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ತೆಗೆಯಿರಿ, ಆಮೇಲೆ ಹಿತ್ತಾಳೆಯದ್ದಕ್ಕೆ ಮೇಣ ಹಚ್ಚಿ ಹಾಕಿ. ಇಲ್ಲದಿದ್ದರೆ ಕುತ್ತಿಗೆ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಸೋಪು ಬೇಡ, ಅದು ತೇವ ಎಳೆಯುತ್ತದೆ.

ಹಿನ್ನೀರ ಬೀಳಗಿ

ಎಲ್ಲರಿಗೂ ಕೈ ಮುಗಿದೆ. ಮಾವನಿಗೆ ಓದಿ ಹೇಳಿದೆ, ಪಂಪಿನ ಮಾತು ಕೇಳಿ ಅವರು ಎದ್ದು ಹೋಗಿ ಜಾಲರಿ ಬಿಚ್ಚಿ ನೋಡಿ ಬಂದರು. ಸ್ಯಾಂಡರ್, ಜಿಗ್ ಸಾ ಮನೆಯಲ್ಲೇ ಉಳಿಯುತ್ತವೆ.

ಇನ್ನೆರಡು ಪ್ರಶ್ನೆ. ತುಕ್ಕಿಗೆ ಏನು ಮಾಡುವುದು? ಮಾವ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಎರಡನೇದು, ಏಪ್ರಿಲ್ ಹೊತ್ತಿಗೆ ನೀರು ಸರಿದು ದೋಣಿ ಒಣ ನೆಲದ ಮೇಲೆ ಕೂರುತ್ತದೆ. ಹೋದ ಬೇಸಿಗೆಯಲ್ಲಿ ಹಲಗೆ ಹಲಗೆ ನಡುವೆ ಬೆಳಕು ಕಾಣುವಷ್ಟು ಸಂದಿ ಬಿಟ್ಟಿತು. ಈ ಸಲ ಅಷ್ಟೂ ಸಂದಿಗೆ ಎಪಾಕ್ಸಿ ತುಂಬಿಬಿಡೋಣ ಅಂತ ಯೋಚನೆ. ಅದಕ್ಕೆ ಬೇರೆ ಹತಾರ ಬೇಕಾ?

ಬೆಳಗಾವಿ ಬಡಿಗೇರ

ಕೊಬ್ಬರಿ ಎಣ್ಣೆ ದಿನ ಕಳೆದ ಹಾಗೆ ಹಳಸಿ ವಾಸನೆ ಬರುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಸಣ್ಣ ಬಾಟಲಿ ಸಾಕು, ಬಟ್ಟೆಗೆ ಎರಡು ಹನಿ ಹಾಕಿ ಒರೆಸಿ ಇಡಿ. ಉಳಿ ಮುಟ್ಟಿದ ಕೈ ಬೆವರೇ ಅರ್ಧ ತುಕ್ಕಿಗೆ ಕಾರಣ. ಒಂದು ತುಂಡು ಕರ್ಪೂರ ಪೆಟ್ಟಿಗೆಯಲ್ಲಿ ಹಾಕಿಡುವುದು ನಮ್ಮಲ್ಲಿ ರೂಢಿ, ಅದು ಕರಗಿ ಹೋದಾಗ ಇನ್ನೊಂದು ಹಾಕಿ. ತೊಗಲಿನ ಚೀಲದಲ್ಲಿ ಉಳಿ ಇಡಬೇಡಿ, ಚೆಂದ ಕಾಣುತ್ತದೆ ಅಷ್ಟೇ, ತೇವ ಹಿಡಿದುಕೊಂಡು ಅಲಗು ತಿನ್ನುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲೂ ಒದ್ದೆ ಹತಾರ ಹಾಕಿ ಮುಚ್ಚಬೇಡಿ.

ಸಂದಿಯ ವಿಷಯ ನನಗಿಂತ ಡೆಕ್ ಮಾಮಾ ಹೇಳಲಿ.

ಡೆಕ್ ಮಾಮಾ, ವಿಜಯಪುರ

ಎಪಾಕ್ಸಿ ಡಬ್ಬಿ ಕೆಳಗಿಡ್ರೀ ಮೊದಲು!

ಮರ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿ ಕುಗ್ಗುತ್ತದೆ. ಮೇ ತಿಂಗಳ ಬಿಸಿಲಿಗೆ ಹಲಗೆ ಕುಗ್ಗಿ ಸಂದಿ ಬಿಟ್ಟಿದೆ, ಮತ್ತೆ ನೀರಿಗೆ ಇಳಿಸಿದಾಗ ಅದೇ ಹಲಗೆ ಉಬ್ಬಿ ಒಂದಕ್ಕೊಂದು ಒತ್ತಿಕೊಂಡು ಸಂದಿ ತಾನೇ ಮುಚ್ಚುತ್ತದೆ. ನೀವು ಒಣಗಿರುವಾಗ ಕಲ್ಲಿನಂಥ ಎಪಾಕ್ಸಿ ತುಂಬಿಬಿಟ್ಟರೆ ಉಬ್ಬಲು ಜಾಗವೇ ಇಲ್ಲ. ಆಗ ಹಲಗೆ ಒಳಗಿನ ಅಡ್ಡಪಟ್ಟಿಯಿಂದ ಮೊಳೆ ಸಮೇತ ಕಿತ್ತುಕೊಂಡು ಬರುತ್ತದೆ, ಇಲ್ಲವೇ ಪಟ್ಟಿಯೇ ಮುರಿಯುತ್ತದೆ. ಇಂಥ ಸಂದಿಗೆ ಹತ್ತಿಯ ಎಳೆ ತುಂಬಿ ಮೇಲೆ ಮೆತ್ತನೆಯ ಪುಟ್ಟಿ ಹಚ್ಚುವುದು ಪದ್ಧತಿ, ಅದು ಒತ್ತಿದರೆ ಒತ್ತಿಕೊಳ್ಳುತ್ತದೆ. ಹತ್ತಿಯನ್ನೂ ಒಣಗಿರುವಾಗ ಸುತ್ತಿಗೆಯಿಂದ ಜಡಿದು ಜಡಿದು ತುಂಬಬಾರದು, ಹಗುರಾಗಿ. ಬೇಕಾದ ಹತಾರ ಒಂದೇ, ಚೂಪು ಇಲ್ಲದ ಅಗಲ ಉಳಿಯಂಥ ಕಬ್ಬಿಣ, ನಿಮ್ಮೂರ ಕಮ್ಮಾರರ ಹತ್ತಿರ ಹಳೆ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿ. ಹೊಡೆಯಲು ಆ ಜಾಲಿ ಕೊಡತಿಯೇ ಸಾಕು. ಮೊದಲ ಸಲ ಕಾರವಾರದಿಂದ ಗೊತ್ತಿರುವವರನ್ನು ಕರೆಸಿ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ. ಇದನ್ನು ಬರೆದು ಕಲಿಸಲು ಆಗುವುದಿಲ್ಲ.

ಕೊಲ್ಹಾರ ದಂಡೆ

ಮೇಲಿನವರು ಹೇಳಿದ್ದು ಸರಿ. ಜೊತೆಗೆ ದೋಣಿಯನ್ನು ಅಷ್ಟು ಒಣಗಲು ಬಿಡುವುದೇ ಯಾಕೆ? ನಮ್ಮ ಕಡೆ ನೀರು ಇಳಿದಾಗ ಮೇಲೆ ಜ್ವಾರಿ ಕಣಿಕೆಯ ಚಪ್ಪರ ಹಾಕುತ್ತೇವೆ, ಒಳಗೆ ಗೋಣಿ ಚೀಲ ಹಾಸಿ ಸಂಜೆಗೊಮ್ಮೆ ನಾಲ್ಕು ಕೊಡ ನೀರು ಹೊಡೆಯುತ್ತೇವೆ. ಕೆಳಗೆ ಮೂರು ಕಡೆ ದಿಮ್ಮಿ ಕೊಟ್ಟು ಎತ್ತಿಡಿ, ಎರಿ ನೆಲ ಒಣಗಿ ಬಿರಿದಾಗ ಒಂದು ಕಡೆ ಕುಸಿದು ದೋಣಿ ತಿರುಚುತ್ತದೆ. ಮಳೆ ಶುರುವಾಗಿ ನೀರು ಹತ್ತಿರ ಬಂದಮೇಲೆ ಕಟ್ಟಿದ ಹಗ್ಗ ಬಿಚ್ಚದೆ ದಂಡೆಯಲ್ಲೇ ಎರಡು ಮೂರು ದಿನ ಅರ್ಧ ಮುಳುಗಿಸಿ ಬಿಡಿ, ಉಬ್ಬಿದಮೇಲೆ ನೀರು ತೋಡಿ.

ಇಂಜಿನ್, ಬ್ಯಾಟರಿ, ಹತಾರದ ಪೆಟ್ಟಿಗೆ ಮೊದಲೇ ಮನೆಗೆ ಒಯ್ಯಿರಿ. ತುಕ್ಕಿಗಿಂತ ಮುಂಚೆ ಕಳ್ಳರು ಬರುತ್ತಾರೆ.